ಅಣ್ಣಮ್ಮ ಹೊಯ್ದ ನೀರು

ಗಂಜಾಂ, ಶ್ರೀರಂಗಪಟ್ಟಣ
ಪ್ರಭು ಹುಟ್ಟಿದ ೧೭೯೯ನೆಯ ವರ್ಷ, ಜ್ಯೇಷ್ಠ ಬಹುಳ ಪಂಚಮಿ

ಬಿಂಡಿಗನವಿಲೆಯ ಉಪದೇಶಿ ಇನ್ನಾಸಪ್ಪ ಭಾವನವರಿಗೆ ಗಂಜಾಮಿನ ಬಡಗಿ ಚಿನ್ನಪ್ಪನ ನಮಸ್ಕಾರ.

ನಾವು ಬದುಕಿದ್ದೇವೆ. ಮೊದಲು ಇದನ್ನು ನಮ್ಮಕ್ಕ ಮಂಗಳಮ್ಮನಿಗೆ ಓದಿ ಹೇಳಿ, ಉಳಿದದ್ದು ಆಮೇಲೆ. ಕೋಟೆ ಬಿದ್ದು ಒಂದೂವರೆ ತಿಂಗಳಾದರೂ ಪಟ್ಟಣಕ್ಕೆ ನೆಮ್ಮದಿಯಿಲ್ಲ. ಗುಂಡಿನ ಸದ್ದು ನಿಂತಿತು, ಸುತ್ತಿಗೆಯ ಸದ್ದು ಶುರುವಾಯಿತು. ಬಾಗಿಲು ಮುರಿಯದ ಮನೆಯೇ ಇಲ್ಲ, ಹಾಗಾಗಿ ನನಗೆ ಕೈತುಂಬ ಕೆಲಸ. ಊರು ಹಾಳಾಗಿ ನನಗೆ ಕೆಲಸ ಸಿಕ್ಕಿದ್ದು ಹೇಳಿಕೊಳ್ಳುವಂಥದ್ದಲ್ಲ, ಆದರೂ ನಿಜ.

ಹದಿನೈದು ವರ್ಷ ಸ್ವಾಮಿಗಳಿಲ್ಲದೆ ಕಳೆದ ನಮ್ಮ ಕ್ರೈಸ್ತರಿಗೆ ಈಗ ಹೊಸ ಸ್ವಾಮಿಗಳೊಬ್ಬರು ಬಂದಿದ್ದಾರೆ. ಘಟ್ಟದ ಕೆಳಗಿನವರು. ಕನ್ನಡ ಮಾತಾಡಿದರೆ ಎಡವುತ್ತಾರೆ, ಕೇಳಿಸಿಕೊಳ್ಳುವುದು ಮಾತ್ರ ಚೆನ್ನಾಗಿ ಬರುತ್ತದೆ. ಹಿಂದಿನ ಸರ್ಕಾರದ ಬಲವಂತಕ್ಕೆ ಕಲ್ಮಾ ಹೇಳಿ ಮತ ಬಿಟ್ಟ ನಮ್ಮಂಥವರಿಗೆ ಒಂದು ಪ್ರಾಯಶ್ಚಿತ್ತ ಕೊಟ್ಟಿದ್ದಾರೆ. ಪ್ರಭು ಹುಟ್ಟಿದ ಹಬ್ಬದವರೆಗೂ ಪ್ರತಿ ಭಾನುವಾರ ಗುಡಿಯ ಬಾಗಿಲ ಹೊರಗೆ ನಿಂತು ಪೂಜೆ ಕೇಳಬೇಕು. ಹಬ್ಬದ ದಿನ ಕೈಹಿಡಿದು ಒಳಗೆ ಕರೆದುಕೊಳ್ಳುತ್ತಾರೆ. ನಾನೂ ನಿಲ್ಲುತ್ತೇನೆ, ಅವ್ವನೂ ನಿಲ್ಲುತ್ತಾಳೆ. ಎಡಗಡೆಯ ಕಂಬದ ಪಕ್ಕ ಅವಳ ಜಾಗ. ಗುಡಿ ಎಂದರೆ ದೊಡ್ಡದೇನೂ ಅಲ್ಲ ಭಾವ, ಹುಲ್ಲಿನ ಮಾಡು, ಹಸಿ ಮಣ್ಣಿನ ಗೋಡೆ.

ಈಗ ಮುಖ್ಯವಾದ ಮಾತು. ಅವ್ವನಿಗೆ ಚಳಿಜ್ವರ ಹಿಡಿದಿದೆ. ಬಿಡುತ್ತದೆ, ಮತ್ತೆ ಬರುತ್ತದೆ, ಬಂದಾಗಲೆಲ್ಲ ಒಂದಿಷ್ಟು ಅವಳನ್ನು ಕೊಂಡೊಯ್ಯುತ್ತದೆ. ಬಾಯಲ್ಲಿ ಒಂದೇ ಮಾತು: "ಮಂಗಳಿ ಒಂದ್ಸಲ ಬಂದು ಮಕ ತೋರ್ಸಿ ಓಗ್ಲಿ ಕಣ್ಲಾ. ಆಮೇಲೆ ನಾನು ಎಲ್ಲಿಗಾದ್ರೂ ಓಯ್ತೀನಿ." ಅಕ್ಕ ತಾಯಿಯ ಮುಖ ನೋಡಿ ಹದಿನೈದು ವರ್ಷವಾಯಿತು. ದಾರಿಯಲ್ಲಿ ಈಗ ಭಯವಿಲ್ಲ. ಕಳಿಸಿಕೊಡಿ.

ಈ ಕಾಗದ ತರುವ ನಿಮ್ಮ ದಾಸಯ್ಯ ಕಂಬಳಿ ಹೊತ್ತುಕೊಂಡು ನಮ್ಮ ಅಂಗಳದಲ್ಲಿ ನಿಂತೇ ಇದ್ದ. ಕೂರು ಎಂದರೆ ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಕಲ್ಮಾ ಹೇಳಿ ಜಾರಿದವರ ಮನೆಯ ನೀರು ಕುಡಿಯಬಾರದೆಂದು ನೀವು ಕಟ್ಟು ಮಾಡಿದ್ದೀರಂತೆ. ಬಿಸಿಲಿಗೆ ಅವನ ತುಟಿ ಒಡೆದಿತ್ತು.

ನಿಮ್ಮ ಭಾಮೈದ
ಚಿನ್ನಪ್ಪ

*

ಬಿಂಡಿಗನವಿಲೆ
ಆಷಾಢ ಬಹುಳ ಬಿದಿಗೆ

ಚಿನ್ನಪ್ಪನಿಗೆ,

ನೀವು ಬದುಕಿರುವ ಸುದ್ದಿ ಕೇಳಿ ಮಂಗಳಿ ಅತ್ತಳು. ನಾನೂ ದೇವರಿಗೆ ಕೈ ಮುಗಿದೆ. ಇನ್ನು ನೀನು ಕೇಳಿದ್ದಕ್ಕೆ ಉತ್ತರ.

ಹಳೆಯ ಸ್ವಾಮಿಗಳನ್ನು ಗಡಿ ದಾಟಿಸುವ ಮುಂಚೆ ಅವರು ಪೂಜೆಯ ಬಟ್ಟಲನ್ನೂ ಪುಸ್ತಕಗಳನ್ನೂ ನನ್ನ ಕೈಗಿಟ್ಟು, ಓಡು ಎಂದರು. ತುಂಬು ಬಸುರಿ ಹೆಂಡತಿಯನ್ನು ನಿಮ್ಮ ಮನೆಯಲ್ಲಿ ಬಿಟ್ಟು ಓಡಿಬಂದೆ. ಅಂದಿನಿಂದ ಇಲ್ಲಿ ಕುರಿಯ ಮಂದೆಯ ನಡುವೆ ನಮ್ಮ ಮಂದೆಯನ್ನೂ ಕಾದೆ. ಒಬ್ಬರೂ ಜಾರಲಿಲ್ಲ. ಈಗ ನಾಗಮಂಗಲದಿಂದ, ಹಿರೋಡೆಯಿಂದ ಜನ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಬಂದವರಿಗೆ ನಾನು ತಲೆಗೆ ನೀರು ಹೊಯ್ದು ಹೊಸದಾಗಿ ಜ್ಞಾನಸ್ನಾನ ಕೊಡುತ್ತೇನೆ. ಏಕೆಂದರೆ ಜಾರಿದ ಕೈ ಹೊಯ್ದ ನೀರು ಬರೀ ನೀರು. ನಿನ್ನ ಹೊಸ ಸ್ವಾಮಿಗಳು ಜಾರಿದವರನ್ನು ಆರು ತಿಂಗಳು ಬಿಸಿಲಿಗೆ ನಿಲ್ಲಿಸಿ ಒಳಗೆ ಕರೆಯುತ್ತಾರೆ. ಹಾಗಾದರೆ ತಲೆ ಕೊಟ್ಟವರು ಯಾಕೆ ಕೊಟ್ಟರು? ಅವರೂ ಆರು ತಿಂಗಳು ನಿಂತುಬಿಡಬಹುದಿತ್ತಲ್ಲ. ಅಂಥ ಸ್ವಾಮಿಗಳಿಗೆ ನಾವು ತಲೆಬಾಗುವುದಿಲ್ಲ.

ಹುಡುಗರಾಗಿದ್ದಾಗ ರೋಮಾಪುರಿಯ ನೊವಾಸಿಯಾನನ ಕಥೆ ಕೇಳಿದ್ದು ನೆನಪಿದೆಯೇ? ಚಕ್ರವರ್ತಿಗೆ ಹೆದರಿ ವಿಗ್ರಹಕ್ಕೆ ಧೂಪ ಹಾಕಿದವರನ್ನು ಕ್ರೈಸ್ತ ಸಭೆ ಮತ್ತೆ ಸೇರಿಸಿಕೊಂಡಿತು. ಅವನು ಒಪ್ಪದೆ ಬೇರೆಯಾದ. ಅವನ ಕಡೆಯವರು ತಮ್ಮನ್ನು ಶುದ್ಧರು ಎಂದು ಕರೆದುಕೊಂಡರು, ನೂರಾರು ವರ್ಷ ಬಾಳಿದರು. ಸ್ವಾಮಿಗಳು ಅವನನ್ನು ಪಾಷಂಡಿ ಎಂದಾಗ ನನಗೆ ಅವತ್ತೇ ಅನ್ನಿಸಿತ್ತು, ಅವನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು. ಇವತ್ತು ನಮ್ಮವರನ್ನೂ ಜನ ಶುದ್ಧರು ಎನ್ನುತ್ತಾರೆ.

ಅಣ್ಣಮ್ಮತ್ತೆಯವರ ಋಣ ನಾನು ಮರೆತಿಲ್ಲ. ನನ್ನ ಮಗ ಅರುಳಪ್ಪ ಹುಟ್ಟಿ ಗಳಿಗೆಯೊಳಗೆ ತೀರಿಕೊಂಡಾಗ ಉಸಿರಿರುವಾಗಲೇ ಅವನ ತಲೆಗೆ ಜ್ಞಾನಸ್ನಾನದ ನೀರು ಹೊಯ್ದವರು ಅವರು. ಆಗ ಆ ಕೈ ಶುದ್ಧವಾಗಿತ್ತು. ಅವರು ಜಾರಿದ್ದು ಆಮೇಲೆ. ಆ ನೀರು ಬಿದ್ದದ್ದರಿಂದಲೇ ನಾನು ಮುಖವನ್ನೂ ನೋಡದ ಆ ಮಗು ಸ್ವರ್ಗದಲ್ಲಿದೆ ಎಂಬ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ನಿಂತಿದ್ದೇನೆ. ಪ್ರತಿ ವರ್ಷ ಇಲ್ಲಿ ಅವನ ದಿನ ಮಾಡುತ್ತೇವೆ.

ಆ ಋಣಕ್ಕಾಗಿ ಮಂದೆಯ ಹಿರಿಯರನ್ನು ಒಪ್ಪಿಸಿ ಒಂದು ದಾರಿ ತೆಗೆದಿದ್ದೇನೆ. ಬೇರೆ ಯಾರಿಗೂ ಇದನ್ನು ಕೊಟ್ಟಿಲ್ಲ. ಜಾರಿದ ದಿನದಿಂದ ತನ್ನ ಕೈ ಮಾಡಿದ್ದೆಲ್ಲ ಶೂನ್ಯ ಎಂದು ಅತ್ತೆ ದಾಸಯ್ಯನ ಮುಂದೆ ಹೇಳಿ, ಅವನು ಒಯ್ಯುವ ಹೊಸ ನೀರನ್ನು ತೆಗೆದುಕೊಳ್ಳಲಿ. ಮರುದಿನವೇ ಮಂಗಳಿಯನ್ನು ಗಾಡಿ ಹತ್ತಿಸುತ್ತೇನೆ. ಅಲ್ಲಿಯವರೆಗೆ ಅವಳು ಆ ಹೊಸ್ತಿಲು ತುಳಿಯುವಂತಿಲ್ಲ. ಉಪದೇಶಿಯ ಹೆಂಡತಿಗೇ ಕಟ್ಟು ಇಲ್ಲವೆಂದರೆ ಉಳಿದವರಿಗೆ ನಾನು ಏನು ಹೇಳಲಿ?

ಇನ್ನಾಸಪ್ಪ

*

ಗಂಜಾಂ
ಶ್ರಾವಣ ಬಹುಳ ಸಪ್ತಮಿ

ಭಾವನವರಿಗೆ,

ಹುಡುಗರಾಗಿದ್ದಾಗ ನಿಮ್ಮನ್ನು ನೀನು ಎನ್ನುತ್ತಿದ್ದೆ. ಅಕ್ಕನನ್ನು ಕೊಟ್ಟ ಮೇಲೆ ನೀವು ಎನ್ನಬೇಕಾಯಿತು. ಈ ಕಾಗದ ಬರೆಯುವಾಗ ಆ ಹಳೆಯ ಅಭ್ಯಾಸ ಬೆರಳ ತುದಿಗೆ ಬರುತ್ತಿದೆ, ಕಷ್ಟಪಟ್ಟು ತಡೆದಿದ್ದೇನೆ.

ನಿಮ್ಮ ದಾರಿಯನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಗೋಡೆಯ ಕಡೆ ಹೊರಳಿದಳು. ಸೂಲಗಿತ್ತಿಯಾಗಿ ಅವಳು ಈ ಹದಿನೈದು ವರ್ಷ ಎಷ್ಟು ಸಾಯುವ ಕೂಸುಗಳ ತಲೆಗೆ ಗುಟ್ಟಾಗಿ ನೀರು ಹೊಯ್ದಳೋ ಅವಳಿಗೂ ಲೆಕ್ಕವಿಲ್ಲ. ಸ್ವಾಮಿಗಳಿಲ್ಲದಾಗ ಯಾರಾದರೂ ಹೊಯ್ಯಬಹುದು ಎಂದು ಕಲಿಸಿದ್ದು ನಿಮ್ಮ ಹಳೆಯ ಸ್ವಾಮಿಗಳೇ ಅಲ್ಲವೇ? ಅದೆಲ್ಲ ಶೂನ್ಯ ಎಂದು ಈಗ ತನ್ನ ಬಾಯಲ್ಲೇ ಹೇಳಬೇಕಂತೆ. ಆಮೇಲೆ ಅಂದಳು: "ನನ್ನ ಏನಾರಾ ಅನ್ಲಿ. ಕಲ್ಮಾ ಏಳಿವ್ನಿ, ಔದು, ತಪ್ಪೇಯ. ಆದ್ರೆ ನೀರು ಸುಳ್ಳು ಅಂತ ಮಾತ್ರ ನಾ ಅನ್ನಕಿಲ್ಲ. ಸತ್ರೂ ಅನ್ನಕಿಲ್ಲ." ಮಗಳನ್ನು ನೋಡುವುದು ಬೇಡವೇ ಎಂದೆ. ಬೇಕು ಎಂದಳು. ಹಾಗಾದರೆ ಒಂದು ಮಾತು ಹೇಳಿಬಿಡು ಎಂದೆ. ನನಗೆ ಬೆನ್ನು ತೋರಿಸಿ ಮಲಗಿದಳು. ಇಷ್ಟು ಹಟ ಯಾಕೆಂದು ನನಗೂ ತಿಳಿಯಲಿಲ್ಲ, ಸಿಟ್ಟು ಬಂತು.

ಪಕ್ಕದ ಮನೆಯ ಫಾತಿಮಾ ಬೀ ದಿನವೂ ಗಂಜಿ ತರುತ್ತಾರೆ. ಅವರು ನನ್ನನ್ನೇ ಬೈದರು: "ಮಗಳ್ನ ಕರ್ಸು ಬೇಟಾ. ಇವರ ಕಣ್ಣು ಬಾಗ್ಲಲ್ಲೇ ಐತೆ." ಅಕ್ಕನನ್ನು ಆ ವರ್ಷ ನಮ್ಮವರನ್ನು ಕೂಡಿಹಾಕಿದ್ದ ದೊಡ್ಡಿಯಿಂದ ಗುಟ್ಟಾಗಿ ಹೊರತಂದು, ಮೂಟೆಯ ನಡುವೆ ಮಲಗಿಸಿ ಊರು ದಾಟಿಸಿದವರು ಇದೇ ಫಾತಿಮಾ ಬೀ. ನಿಮ್ಮ ಶುದ್ಧ ಹೆಂಡತಿ ಶುದ್ಧವಾಗಿ ನಿಮ್ಮಲ್ಲಿಗೆ ಬಂದದ್ದು ಅವರ ಗಾಡಿಯಲ್ಲಿ.

ನೊವಾಸಿಯಾನನ ಕಥೆ ನನಗೂ ನೆನಪಿದೆ. ನಿಮಗೆ ಅರ್ಧ ನೆನಪಿದೆ, ನನಗೆ ಇನ್ನರ್ಧ. ಹಿಂಸೆಯ ಕಾಲದಲ್ಲಿ ಜನ ಬಂದು, ಎದ್ದು ಬಾ, ಕಷ್ಟದಲ್ಲಿರುವವರಿಗೆ ನೆರವಾಗು ಎಂದು ಕರೆದಾಗ ಅವನು ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದನಂತೆ. ಇದನ್ನು ಅವನ ವಿರೋಧಿಗಳು ಬರೆದದ್ದು, ಪೂರ್ತಿ ನಂಬಬೇಡಿ ಎಂದೂ ಸ್ವಾಮಿಗಳು ಹೇಳಿದ್ದರು. ಅದನ್ನೂ ಬಿಡದೆ ಬರೆದಿದ್ದೇನೆ.

ಗುಡಿಗೆ ಬಾಗಿಲು ಮಾಡುತ್ತಿದ್ದೇನೆ, ಹಲಸಿನ ಹಲಗೆ. ಅಗುಳಿ ಸರಿಯಾಗಿ ಕೂರುತ್ತದೆಯೇ ಎಂದು ಒಳಗೆ ನಿಂತು ನೋಡಬೇಕು. ನಾನು ಒಳಗೆ ಹೋಗುವಂತಿಲ್ಲವಲ್ಲ. ಸ್ವಾಮಿಗಳೇ ಒಳಗಿನಿಂದ ಎಳೆದು ಎಲ್ಲಿ ಬಿಗಿ ಎಂದು ಕೂಗುತ್ತಾರೆ, ನಾನು ಹೊರಗಿನಿಂದ ತೋಪಡ ಹೊಡೆದು ಹಲಗೆ ಹೆರೆಯುತ್ತೇನೆ. ಇಬ್ಬರಿಗೂ ನಗು ಬಂತು. ನೀವಿದ್ದಿದ್ದರೆ ನಗುತ್ತಿರಲಿಲ್ಲ.

ಚಿನ್ನಪ್ಪ

*

ಬಿಂಡಿಗನವಿಲೆ
ಆಶ್ವಯುಜ ಶುದ್ಧ ಅಷ್ಟಮಿ

ಚಿನ್ನಪ್ಪನಿಗೆ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ. ಕೋಣೆಯ ಬಾಗಿಲಿನ ಮಾತು ಯಾರನ್ನು ಚುಚ್ಚಲು ಬರೆದೆಯೋ ಅವನನ್ನು ಚುಚ್ಚಿದೆ. ನಾನು ಹೆದರಿ ಓಡಲಿಲ್ಲ, ಅಪ್ಪಣೆಯ ಮೇಲೆ ಓಡಿದೆ. ಹೀಗೆಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಮೊದಲು ಹೇಳಿಕೊಳ್ಳುವ ಅಗತ್ಯ ಇರಲಿಲ್ಲ.

ಇಲ್ಲಿ ಎಲ್ಲವೂ ಅಲ್ಲಾಡುತ್ತಿದೆ. ಹಿರೋಡೆಯಿಂದ ಬಂದವರಲ್ಲಿ ಕೆಲವರು ನಿಮ್ಮ ಹೊಸ ಸ್ವಾಮಿಗಳ ಕಡೆಗೆ ಹೋದರು. ಉಳಿದವರು ಕಟ್ಟು ಇನ್ನೂ ಬಿಗಿಯಾಗಲಿ ಎನ್ನುತ್ತಾರೆ. ಜಾರಿದವರಿಗೆ ಉಣ್ಣೆ ಮಾರುವುದೂ ಬೇಡವಂತೆ. ನಾನು ಶುರುಮಾಡಿದ ಮಾತನ್ನು ಅವರು ನನಗಿಂತ ಮುಂದಕ್ಕೆ ಎಳೆದುಕೊಂಡು ಹೋಗುತ್ತಿದ್ದಾರೆ, ನಾನು ಹಿಂದೆ ಹಿಂದೆ ಓಡುತ್ತಿದ್ದೇನೆ. ಒಂದು ಕಡೆ ಕೂತು ಊಟ ಮಾಡಿ ಎಷ್ಟು ದಿನವಾಯಿತೋ.

ಮೊನ್ನೆ ಅರುಳಪ್ಪನ ದಿನ ಮಾಡಿದೆವು. ದೀಪ ಹಚ್ಚಬೇಕಾದವಳು ಮಂಗಳಿ. ಈ ಸಲ ಹಚ್ಚಲಿಲ್ಲ. ಯಾಕೆ ಎಂದು ಕೇಳಿದರೆ ಕುರಿಗೆ ಸೊಪ್ಪು ಹಾಕಲು ಎದ್ದು ಹೋದಳು. ನೀನು ಬರೆದ ಅತ್ತೆಯ ಮಾತನ್ನು ಓದಿ ಹೇಳಿದಾಗಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆ ಒಂದು ಮಾತನ್ನು ಹೇಳಲು ಅತ್ತೆಗೆ ಅಷ್ಟು ಕಷ್ಟವೇನು? ಬಿಂಕವೇ? ಕೇಳಿ ಬರೆ.

ಇನ್ನಾಸಪ್ಪ

*

ಗಂಜಾಂ
ಕಾರ್ತಿಕ ಬಹುಳ ತದಿಗೆ

ಭಾವನವರಿಗೆ,

ಕೇಳಿದೆ. "ಅವನ್ಗೆ ಕೇಳ್ಬ್ಯಾಡ ಅನ್ನು. ಕೇಳ್ದೆ ಇದ್ರೇನೇ ಅವನ್ಗೆ ಒಳ್ಳೇದು" ಎಂದಳು. ನನಗೆ ಅಷ್ಟೇ ಸಿಕ್ಕಿದ್ದು, ಅಷ್ಟನ್ನೇ ಬರೆದಿದ್ದೇನೆ.

ಹೋದ ಭಾನುವಾರ ಅವಳಿಗೆ ನಿಲ್ಲಲಾಗಲಿಲ್ಲ. ಹೊತ್ತುಕೊಂಡು ಹೋಗಿ ಕಂಬದ ಪಕ್ಕ ಕೂರಿಸಿದೆ. ಸ್ವಾಮಿಗಳು ಹೊರಗೆ ಬಂದು, ಸಾಕು, ಇವತ್ತೇ ಒಳಗೆ ಬನ್ನಿ ಎಂದರು. "ಎಲ್ರ ಜೊತೇಲೇ ಬತ್ತೀನಿ ಸ್ವಾಮಿ, ಅಬ್ಬಕ್ಕೆ" ಎಂದಳು. ಹಬ್ಬದವರೆಗೆ ಉಳಿಯುತ್ತಾಳೆ ಎಂದು ನನಗೆ ಅನ್ನಿಸುವುದಿಲ್ಲ.

ಭಾವ, ಬೇಡಿಕೊಳ್ಳುತ್ತೇನೆ. ನನ್ನ ಮೈಮೇಲೆ ಸುನ್ನತಿಯ ಗುರುತಿದೆ, ನನ್ನನ್ನು ಎಂದೂ ಸೇರಿಸಬೇಡಿ, ನಾನು ಕೇಳುವುದಿಲ್ಲ. ಅಕ್ಕ ನಮ್ಮ ಹೊಸ್ತಿಲು ತುಳಿಯುವುದೂ ಬೇಡ. ಅವ್ವನನ್ನು ಅಂಗಳಕ್ಕೆ ತಂದು ಮಲಗಿಸುತ್ತೇನೆ, ದೂರದಲ್ಲಿ ನಿಂತು ನೋಡಿಕೊಂಡು ಹೋಗಲಿ. ಇದಕ್ಕಿಂತ ಕೆಳಗೆ ಬಗ್ಗುವುದು ನನಗೆ ಗೊತ್ತಿಲ್ಲ.

ದಾಸಯ್ಯ ಈ ಸಲ ನೀರು ಕುಡಿದ. ಅವನನ್ನು ಕೇಳಬೇಡಿ, ನಾನೇ ನಿಮಗೆ ಹೇಳಿಬಿಟ್ಟಿದ್ದೇನೆ.

ಚಿನ್ನಪ್ಪ

*

ಬಿಂಡಿಗನವಿಲೆ
ಮಾರ್ಗಶಿರ ಶುದ್ಧ ದಶಮಿ

ಚಿನ್ನಪ್ಪ,

ಮಂಗಳಿ ಹೊರಟುಹೋದಳು. ನಿನ್ನ ಕಾಗದವನ್ನು ಹಿರಿಯರ ಮುಂದೆ ಓದಿದೆ. ಅಂಗಳದಲ್ಲಿ ನೋಡಿದರೂ ನೋಡಿದಂತೆಯೇ ಎಂದರು. ನಾನು ಕಾಗದವನ್ನು ಮಡಚಿಟ್ಟೆ. ಅವಳು ಎದ್ದು ಸೆರಗು ಬಿಗಿದು, ನಾಗಮಂಗಲಕ್ಕೆ ಹೊರಟಿದ್ದ ಎಳ್ಳಿನ ಗಾಡಿ ಹತ್ತಿದಳು. ಹಿಂದೆ ಓಡಿದೆ. ಹೋದವರು ಮತ್ತೆ ಬರುವಂತಿಲ್ಲ, ಗೊತ್ತಲ್ಲ ಎಂದೆ. ಗಾಡಿಯಿಂದಲೇ ಅಂದಳು: "ನಮ್ಮವ್ವ ಒರಗಾದ್ರೆ ನಿಮ್ಮ ಮಗಾನೂ ಒರಗೇಯ. ಯೋಚ್ನೆ ಮಾಡ್ಕೊಳಿ."

ಅವತ್ತಿನಿಂದ ನಿದ್ದೆಯಿಲ್ಲ. ಕುರಿಗಳನ್ನು ಹೊಡೆದುಕೊಂಡು ಹೋಗುತ್ತೇನೆ, ಅವು ಮೇಯುವುದಕ್ಕೂ ಬಿಡದೆ ಇನ್ನೊಂದು ಕಡೆ ಹೊಡೆಯುತ್ತೇನೆ. ಚಿನ್ನಪ್ಪ, ಅತ್ತೆಯನ್ನು ಒಂದೇ ಒಂದು ಕೇಳು. ಯಾವುದು ಮೊದಲು? ಮಗುವಿಗೆ ನೀರು ಹೊಯ್ದದ್ದೋ, ಕಲ್ಮಾ ಹೇಳಿದ್ದೋ? ನೀರು ಮೊದಲು ಎಂದಾದರೆ ಕೂಡಲೇ ಬರೆ. ಅಲ್ಲ ಎಂದಾದರೆ ಬರೆಯಬೇಡ. ಇಲ್ಲ, ಬರೆ. ಏನಿದ್ದರೂ ಬರೆ. ದಾಸಯ್ಯನನ್ನು ಅಲ್ಲೇ ಕೂರಿಸಿಕೊಂಡು ಬರೆ.

ಇನ್ನಾಸಪ್ಪ

*

ಗಂಜಾಂ
ಮಾರ್ಗಶಿರ ಬಹುಳ ಪಂಚಮಿ

ಭಾವನವರಿಗೆ,

ಅವ್ವ ನಿನ್ನೆ ಬೆಳಿಗ್ಗೆ ತೀರಿಕೊಂಡಳು. ಅಕ್ಕ ಬಂದಿದ್ದಳು. ಅಂಗಳದಲ್ಲಿ ನಿಲ್ಲಲಿಲ್ಲ, ನೇರವಾಗಿ ಒಳಗೆ ಬಂದು ಅವಳ ಪಕ್ಕದಲ್ಲಿ ಮಲಗಿದಳು. ಅವ್ವ ಅವಳ ಮುಖವನ್ನು ಕೈಯಿಂದ ತಡವಿ ತಡವಿ ನೋಡಿದಳು. ಮುದುಕಿಯಾಗಿಬಿಟ್ಟೆಯಲ್ಲೇ ಎಂದು ನಕ್ಕಳು.

ನಿಮ್ಮ ಕಾಗದವನ್ನು ಓದಿ ಹೇಳಿದೆ. ಅವ್ವ ಕಣ್ಣು ಮುಚ್ಚಿಕೊಂಡೇ, "ಮೊದ್ಲು ನೀರು, ಆಮೇಕೆ ಕಲ್ಮಾ ಅಂತ ಬರಿ ಕಣ್ಲಾ. ಅವನ್ಗೆ ಇರಾದು ಅದೊಂದೇಯ" ಎಂದಳು. ನಾನು ಬರೆಯಲು ಕೂತೆ. ಅಕ್ಕ ಲೇಖನಿ ಕಿತ್ತುಕೊಂಡಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತಿದ್ದೇನೆ.

"ನಮ್ಮನ್ನೆಲ್ಲ ದೊಡ್ಡೀಲಿ ಕೂಡಾಕಿದ್ರು. ಅವ್ವ ಯಾರ್ದೋ ಎರಿಗೆಗೆ ಓಗಿದ್ಲು, ಅದ್ಕೆ ಒರಗುಳಿದಿದ್ಲು. ನಂಗೆ ಬ್ಯಾನೆ ಬಂತು. ನಾ ಕಿರುಚ್ಕತಿದ್ದುದ್ದು ಅವಳ್ಗೆ ಒರ್ಗಡೀಗೆ ಕೇಳಿಸ್ತಿತ್ತು. ಬಾಗ್ಲು ಕಾಯೋನು ಬುಡ್ನಿಲ್ಲ. ಕಲ್ಮಾ ಏಳ್ದೋರು ಒಳಿಕ್ಕೆ ಒರಿಕ್ಕೆ ಓಗ್ಬೋದು, ಮಿಕ್ಕೋರು ಓಗಂಗಿಲ್ಲ ಅಂದ. ಅವ್ವ ಅಲ್ಲೇ ನಿಂತು ಏಳ್ಬುಟ್ಟು ಓಡ್ಬಂದ್ಲು. ಮಗ ನೀಲಿ ತಿರುಗಿತ್ತು. ನಮ್ಮತ್ರ ನೀರೂ ಇರ್ನಿಲ್ಲ, ಅದೇ ಕಾವಲುಗಾರನ ತಂಬಿಗೇಲಿ ಇಸ್ಕಂಡು ಉಯ್ದ್ಲು. ಅರುಳಪ್ಪ ಅಂತ ಯೆಸ್ರು ಕರುದ್ಲು. ಆಮೇಕೆ ಓಯ್ತು. ಅವ್ವ ಕಲ್ಮಾ ಏಳ್ದೆ ಇದ್ದಿದ್ರೆ ಮಗ ನೀರಿಲ್ದೇನೆ ಓಯ್ತಿತ್ತು. ನಾ ಇದ್ನ ನಿಮ್ಗೆ ಯಾವತ್ತೂ ಏಳ್ನಿಲ್ಲ. ಏಳಿದ್ರೆ ನೀವು ಮಗನ್ನ ಒರೀಕಾಕ್ತಿದ್ರಿ."

ಇದು ನನಗೂ ಗೊತ್ತಿರಲಿಲ್ಲ ಭಾವ, ಗಂಡಸರನ್ನು ಬೇರೆ ಕಡೆ ಕೂಡಿಹಾಕಿದ್ದರು. ಅವ್ವನ ಹಟ ಯಾಕೆಂದು ಆಗ ತಿಳಿಯಿತು. ತನ್ನ ಕೈ ಮಾಡಿದ್ದು ಶೂನ್ಯ ಎಂದರೆ ನಿಮ್ಮ ಮಗುವನ್ನು ನಿಮ್ಮಿಂದ ಕಿತ್ತುಕೊಂಡಂತೆ. ಅದಕ್ಕೆ ಮಗಳನ್ನು ನೋಡದೆ ಸಾಯಲೂ ತಯಾರಾಗಿದ್ದಳು.

ಅಕ್ಕ ಹೇಳಿದ್ದನ್ನು ಕೇಳಿ ಅವ್ವ ಕಣ್ಣು ತೆರೆದಳು. ಆಮೇಲೆ, "ಅಂಗಾರೆ ಇದ್ದಂಗೇ ಬರಿ. ಆದ್ರೆ ನೀರು ಮಗೀನ ತಲೆ ಮೇಲೆ ಬಿತ್ತು ಅಂತಾನೂ ಬರಿ. ಚೆನ್ನಾಗಿ ಬಿತ್ತು" ಎಂದಳು. ಅದೇ ಕೊನೆ.

ಸ್ವಾಮಿಗಳು ಅವಳನ್ನು ಗುಡಿಯೊಳಗೆ ತರಲು ಹೇಳಿದರು. ನಾನು ಮಾಡಿದ ಬಾಗಿಲಿನಲ್ಲಿ ಮೊದಲು ಒಳಗೆ ಹೋದ ಜಾರಿದವಳು ಅವಳು, ನಾಲ್ಕು ಜನರ ಹೆಗಲ ಮೇಲೆ. ನಾನು ಹೊಸ್ತಿಲವರೆಗೆ ಹೊತ್ತು, ಅಲ್ಲಿ ನನ್ನ ಹೆಗಲನ್ನು ಇನ್ನೊಬ್ಬರಿಗೆ ಕೊಟ್ಟೆ. ಈಗ ಕಂಬದ ಪಕ್ಕದ ಜಾಗ ಖಾಲಿ ಇದೆ.

ಚಿನ್ನಪ್ಪ

*

ಗಂಜಾಂ
ಪ್ರಭು ಹುಟ್ಟಿದ ಹಬ್ಬದ ದಿನ

ದಾಸಯ್ಯನಿಗೆ ಇನ್ನಾಸಪ್ಪನ ಆಶೀರ್ವಾದ.

ಇದನ್ನು ನಮ್ಮವರೆಲ್ಲರನ್ನೂ ಕೂರಿಸಿ ಓದು. ನಾನು ಯಾರಿಗೂ ಹೇಳದೆ ಹೊರಟು ಬಂದೆ. ದಾರಿಯುದ್ದಕ್ಕೂ ವಾದ ಮಾಡಿಕೊಂಡು ನಡೆದೆ. ನನ್ನ ಮಾತು ಸರಿ ಎಂದರೆ ನನ್ನ ಮಗ ಇಲ್ಲ. ಮಗ ಇದ್ದಾನೆ ಎಂದರೆ ನನ್ನ ಮಾತು ಇಲ್ಲ. ಮೇಲುಕೋಟೆಯ ಇಳಿಜಾರಿನಲ್ಲಿ ವಾದ ನಿಂತಿತು. ಅಲ್ಲಿಂದ ಮುಂದಕ್ಕೆ ಬರೀ ಅಳುತ್ತಾ ಬಂದೆ.

ಸ್ವಾಮಿಗಳ ಮುಂದೆ ಮಂಡಿಯೂರಿ, ನನ್ನನ್ನೂ ಹೊರಗೆ ನಿಲ್ಲಿಸಿ ಎಂದೆ. ನೀನು ಎಲ್ಲಿ ಜಾರಿದೆ ಎಂದು ಕೇಳಿದರು. ನನ್ನ ಹೆಂಡತಿ ದೊಡ್ಡಿಯೊಳಗೆ ಕೂಗುತ್ತಿದ್ದಾಗ ಆ ಬಾಗಿಲಿಗೆ ಬಂದವರು ಅತ್ತೆ. ನಾನು ಬಾಗಿಲವರೆಗೂ ಬರಲಿಲ್ಲ, ಹಾಗಾ‌ಗಿ ಜಾರುವ ಸಂದರ್ಭವೇ ನನಗೆ ಒದಗಲಿಲ್ಲ ಎಂದೆ. ಅವರು ಎಷ್ಟು ದಿನ ಎಂದು ಹೇಳಲಿಲ್ಲ. ಪುನರುತ್ಥಾನದ ಹಬ್ಬದವರೆಗೆ ಎಂದು ನಾನೇ ಕೇಳಿಕೊಂಡೆ.

ನಾನು ಎರಡನೆಯ ಸಲ ನೀರು ಹೊಯ್ದವರಿಗೆಲ್ಲ ಹೇಳು, ಅವರಿಗೆ ಮೊದಲ ನೀರೇ ಸಾಕಿತ್ತು. ಯಾರ ಕೈಯಿಂದ ಬಿದ್ದಿದ್ದರೂ ಸಾಕಿತ್ತು. ಇಲ್ಲಿಗೆ ಬರುವವರು ಬರಲಿ. ಒಪ್ಪದವರ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತು ಅವರಿಗೆ ಕಲಿಸಿದವನು ನಾನು, ಈಗ ಬಿಡಿ ಎಂದ ಕೂಡಲೇ ಬಿಟ್ಟುಬಿಡಲಿ ಎನ್ನುವ ಮುಖ ನನಗಿಲ್ಲ. ಗಬ್ಬದ ಕುರಿಗಳನ್ನು ಬಯಲಿಗೆ ಹೊಡೆಯಬೇಡ, ಮಂಜು ಜಾಸ್ತಿ.

ಇವತ್ತು ಬೆಳಿಗ್ಗೆ ಎಲ್ಲರೂ ಬಾಗಿಲ ಹೊರಗೆ ಸೇರಿದ್ದರು. ಮಂಗಳಿ ನನ್ನನ್ನು ನೋಡಿದಳು, ಹೊದ್ದಿದ್ದ ಕಂಬಳಿಯನ್ನು ತೆಗೆದು ನನ್ನ ಹೆಗಲಿಗೆ ಹಾಕಿದಳು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಇದ್ದಾಗ ಚಿನ್ನಪ್ಪ ತೋಳು ಹಿಡಿದು ಎಡಗಡೆಯ ಕಂಬದ ಪಕ್ಕಕ್ಕೆ ಕರೆದೊಯ್ದ. "ಇದು ಅವ್ವನ್ ಜಾಗ ಬಾವ. ಗ್ವಾಡೆಗೆ ಒರಗ್ಬ್ಯಾಡಿ, ಅಬ್ಬಕ್ಕೆ ಮಣ್ಣು ಮೆತ್ತವ್ರೆ, ಇನ್ನೂ ಅಸಿ" ಎಂದ. ಆಮೇಲೆ ಸ್ವಾಮಿಗಳು ಹೊರಗೆ ಬಂದು ಜಾರಿದವರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಕರೆದುಕೊಂಡರು. ಚಿನ್ನಪ್ಪನೂ ಹೋದ. ಮಂಗಳಿಯೂ ಅವನ ಹಿಂದೆ ಹೋದಳು. ಹೊರಗೆ ನಾನೊಬ್ಬನೇ ಉಳಿದೆ.

ಗಾಳಿ ತಣ್ಣಗಿತ್ತು, ಒಳಗೆ ಯಾರೋ ಬಾಗಿಲು ಮುಚ್ಚಲು ಬಂದರು. ಚಿನ್ನಪ್ಪನ ದನಿ ಕೇಳಿಸಿತು: "ಮುಚ್ಚಬ್ಯಾಡಿ, ಬುಡಿ. ನಮ್ ಬಾವ ಒರ್ಗಡೆ ಅವ್ರೆ."

ಇನ್ನಾಸಪ್ಪ